ಒಂದನೇ ನಂಬರಿನ ಮರ

"ಕುಂಚ ಕೆಳಗಿಡು, ನತೀ!"

ಬಿದಿರು ಮೆಳೆಯ ಹಿಂದಿನಿಂದ ಬಂದ ದನಿಗೆ ನತೀಯ ಕೈ ಗಕ್ಕನೆ ನಿಂತಿತು. ಅವನ ಮೇಲಧಿಕಾರಿ ಯೋತಿನ್ ಸಾಹೇಬರ ದನಿ. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಮಾತು, ಕೊನೆಗೊಂದು ಒಣ ಕೆಮ್ಮು. ಆದರೆ ಸಾಹೇಬರು ನಿನ್ನೆ ಸಂಜೆಯೇ ಜೀಪು ಹತ್ತಿ ಪಟ್ಟಣಕ್ಕೆ ಹೋಗಿದ್ದರಲ್ಲ...

ಮೆಳೆ ಸರಿಸಿಕೊಂಡು ಈಚೆ ಬಂದವರು ಸಾಹೇಬರಲ್ಲ. ಮೊಣಕಾಲ ಕೆಳಗಿನವರೆಗೆ ಇಳಿದ ಬಿಳಿ ನಿಲುವಂಗಿ, ಕೆಸರು ಮೆತ್ತಿದ ರಬ್ಬರ್ ಬೂಟು, ಹಣೆಗೆ ಪಟ್ಟಿ ಕೊಟ್ಟು ಬೆನ್ನಿಗೆ ಹೊತ್ತ ಬುಟ್ಟಿ. ಇಪ್ಪತ್ತಾರರ ಹುಡುಗಿ. ಕಣ್ಣಲ್ಲಿ ಬೆಂಕಿ.

"ಸಾಹೇಬರೆಲ್ಲಿ?" ನತೀ ಅವಳ ಬೆನ್ನ ಹಿಂದೆ ಇಣುಕಿದ.

"ಬಂದಿಲ್ಲ. ನಿನ್ನೆ ಸಭೇಲಿ ದನಿ ಬಿಟ್ಟುಹೋಗಿದ್ರು. ನಾನು ಎತ್ತಿಟ್ಕೊಂಡಿದ್ದೆ."

ನತೀಗೆ ನಗು ಬಂತು. ಅವಳ ಮುಖ ನೋಡಿ ಅದನ್ನು ನುಂಗಿಕೊಂಡ. ಅವನ ಎದುರಿಗಿದ್ದ ನೇರಳೆ ಮರದ ಎದೆಮಟ್ಟದಲ್ಲಿ ಕೆಂಪು ಪೇಂಟಿನಲ್ಲಿ ಬರೆದ 'ಒಂದು' ಇನ್ನೂ ಹಸಿಯಾಗಿ ಇಳಿಯುತ್ತಿತ್ತು.

"ನೀವು ಈಗ ನಂಬರ್ ಬರೆದದ್ದು ನನ್ನ ಮೇಲೆ," ಎಂದಳು ಅವಳು.

ಅವಳ ಹೆಸರು ಬೂಪೋ. ಅವರ ಕರೆನ್ ಬುಡಕಟ್ಟಿನ ಮಾತಿನಲ್ಲಿ ಭತ್ತದ ಹೂ ಎಂದು ಅರ್ಥ. ಊರು ತೋಲೆಕಿ, ಥಾಯ್ಲೆಂಡಿನ ಮೇ ಹಾಂಗ್ ಸಾನ್ ಬೆಟ್ಟಗಳ ನಡುವೆ, ಮೇ ತೋಲೆ ಹೊಳೆ ಹುಟ್ಟುವ ಕಡೆ. ಇನ್ನು ಅವನ ಹೆಸರು, ನತೀ, ಥಾಯ್ ಮಾತಿನಲ್ಲಿ ನದಿಯೇ. ನದಿಯ ಹೆಸರಿಟ್ಟುಕೊಂಡು ನದಿಗೇ ಅಡ್ಡ ಕಟ್ಟಲು ಬಂದ ಭೂಪ!

ಪಾಪ, ಅವನು ಕಟ್ಟಲು ಬಂದವನೂ ಅಲ್ಲ, ಅಳೆಯಲು ಬಂದವನು. ಹೊಳೆಗೆ ಆಣೆಕಟ್ಟು ಎದ್ದರೆ ಮುಳುಗುವ ಕಾಡು ಎಂಥದು ಎಂದು ವರದಿ ಬರೆಯಬೇಕಿತ್ತು. ಆ ಗುತ್ತಿಗೆ ಹಿಡಿದದ್ದು ಬ್ಯಾಂಕಾಕಿನ ಒಂದು ಕಂಪನಿ. ಕಂಪನಿಯ ಕಡೆಯಿಂದ ಕಾಡಿಗಿಳಿದವನು ನತೀ. ಅಲ್ಲಲ್ಲಿ ಚೌಕ ಹಾಕಿ, ಚೌಕದೊಳಗಿನ ಒಂದೊಂದು ಮರಕ್ಕೂ ನಂಬರ್ ಕೊಟ್ಟು, ಸುತ್ತಳತೆ ಬರೆದುಕೊಳ್ಳಬೇಕು. ಒಟ್ಟು ಅರವತ್ತು ಚೌಕ. ದಪ್ಪ ಮರ ಹೆಚ್ಚಿದ್ದರೆ ಅದು 'ಒಳ್ಳೆಯ ಕಾಡು', ಮುಟ್ಟುವುದು ಕಷ್ಟ. ಸಣ್ಣ ಮರವೇ ಹೆಚ್ಚಿದ್ದರೆ 'ಹಾಳುಬಿದ್ದ ಕಾಡು', ಮುಳುಗಿಸುವುದು ಸುಲಭ.

ಬೂಪೋ ಬುಟ್ಟಿ ಇಳಿಸಿ, ಅಂಗಿಯ ಅಂಚಿನಿಂದಲೇ ಪೇಂಟು ಒರೆಸತೊಡಗಿದಳು. ಒರೆಸುತ್ತಲೇ ಹೇಳಿದಳು. ತೋಲೆಕಿಯಲ್ಲಿ ಮಗುವಿನ ಹೊಕ್ಕುಳಬಳ್ಳಿ ಉದುರಿದ ದಿನ ಅಪ್ಪನಾದವನು ಅದನ್ನು ಬಿದಿರ ಕೊಳವೆಯಲ್ಲಿಟ್ಟು, ಈ ಕಾಡಿಗೆ ತಂದು ಒಂದು ಗಟ್ಟಿ ಮರಕ್ಕೆ ಕಟ್ಟುತ್ತಾನೆ. ಅಂದು ಊರಲ್ಲಿ ಯಾರೂ ಹೊಲಕ್ಕೆ ಹೋಗುವಂತಿಲ್ಲ. ಅಂದಿನಿಂದ ಆ ಮಗುವಿನ ಜೀವ ಅರ್ಧ ಮೈಯಲ್ಲಿ, ಅರ್ಧ ಮರದಲ್ಲಿ. ಆ ಮರಕ್ಕೆ ಯಾರೂ ಕೊಡಲಿ ಎತ್ತುವುದಿಲ್ಲ.

"ಇಲ್ಲಿ ಕೊಳವೆ ಏನೂ ಕಾಣಲಿಲ್ಲ..." ನತೀ ತೊದಲಿದ.

"ಕೊಳವೆ ಎರಡು ಮಳೆಗಾಲಕ್ಕೆ ಲಡ್ಡಾಗ್ತದೆ. ಮರ ಉಳೀತದೆ."

"ಕಡಿದ್ರೆ?"

"ಕಡಿದವನು ಕೋಳಿ ಕೊಟ್ಟು ತಪ್ಪು ಒಪ್ಕೋಬೇಕು. ಒಂದು ಮರಕ್ಕೆ ಒಂದು ಕೋಳಿ. ಇಡೀ ಕಾಡು ಮುಳುಗಿಸಿದವರು ಎಷ್ಟು ಕೋಳಿ ಕೊಡಬೇಕು ಅನ್ನೋದು ನಮ್ಮ ಹಿರಿಯರಿಗೂ ಗೊತ್ತಿಲ್ಲ."

ಪೇಂಟು ಪೂರ್ತಿ ಹೋಗಲಿಲ್ಲ. ತೊಗಟೆಯ ಸೀಳಿನಲ್ಲಿ ಕೆಂಪು ಉಳಿಯಿತು. ಬಿಳಿ ಅಂಗಿಯಲ್ಲೂ ಉಳಿಯಿತು.

*

ಸರ್ವೇ ಜನರು ಬಂದ ಮೇಲೆ ಯಾವ ಊರಿನಲ್ಲೂ ಜನ ಸುಖಿನೋ ಭವಂತು ಆದದ್ದಿಲ್ಲ. ತೋಲೆಕಿಯ ಹಿರಿಯರು ಬೂಪೋ ಮನೆಯ ಜಗಲಿಯಲ್ಲಿ ಕೂತು ಗಂಜಿ ಕುಡಿಯುತ್ತ ಯೋಚನೆ ಮಾಡಿದರು. ಅಳೆಯಬೇಡ ಎನ್ನುವಂತಿಲ್ಲ, ಕಾಡು ಸರ್ಕಾರದ್ದು. ಒಬ್ಬರಿಗೂ ಪಟ್ಟಾ ಇಲ್ಲ. ಹಾಗೆಂದು ಹೊಕ್ಕುಳ ಮರಗಳ ಮೈಮೇಲೆ ಊರಿನವರ ಕಣ್ಣೆದುರೇ ನಂಬರ್ ಬರೆಸಿಕೊಳ್ಳುವುದೇ?

ಕೊನೆಗೆ ಉಪಾಯ ಹೊಳೆದದ್ದು ಬೂಪೋಗೇ. ಸರ್ವೆಗೆ ಊರಿನ ಕಡೆಯಿಂದ ದಾರಿ ತೋರಿಸುವವರೊಬ್ಬರು ಬೇಕು. ಥಾಯ್ ಚೆನ್ನಾಗಿ ಬರುವುದು ಅವಳಿಗೆ. ಅವಳೇ ಹೋಗುತ್ತಾಳೆ. ಹೊಕ್ಕುಳ ಕಾಡಿನ ಕಡೆ ಅವನ ಮುಖವನ್ನೇ ತಿರುಗಿಸದೆ, ಹೊಳೆಯ ಆಚೆ ದಂಡೆಯ ಕುಮರಿ ಬೀಡುಗಳನ್ನೇ ಸುತ್ತಿಸುತ್ತಾಳೆ. ಒಂದು ವರ್ಷ ಬಿತ್ತಿ, ಏಳೆಂಟು ವರ್ಷ ಮತ್ತೆ ಕಾಡಾಗಲು ಬಿಟ್ಟ ಜಾಗಗಳು ಅವು. ಅಲ್ಲಿ ಎಷ್ಟು ಬೇಕೋ ಅಷ್ಟು ನಂಬರ್ ಬರೆದುಕೊಳ್ಳಲಿ.

ಮಗಳ ಹೆಸರಿನಿಂದ 'ಬೂಪೋನ ಅಪ್ಪ' ಎಂದೇ ಊರಿಗೆಲ್ಲ ಪರಿಚಯವಾಗಿದ್ದ ಅವಳ ಅಪ್ಪ, ಮಾತಿನಲ್ಲಿ ಬಹಳ ಮಿತ. ಅವತ್ತೂ ತಲೆಯಾಡಿಸಿದ್ದಷ್ಟೇ.

ಆ ಉಪಾಯ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಮುಂದೆ ಅದೇ ಊರಿನ ಕುತ್ತಿಗೆಗೆ ಬಂತು. ಅದು ಆಮೇಲಿನ ಮಾತು.

ಜೂನ್ ತಿಂಗಳಿಡೀ ಇಬ್ಬರೂ ಕುಮರಿ ಸುತ್ತಿದರು. ಮಳೆ ಹಿಡಿದಿತ್ತು. ಜಿಗಣೆಗಳು ಇಬ್ಬರ ಕಾಲಿಗೂ ಸಮನಾಗಿ ಹತ್ತಿ, ಪರಿಚಯಕ್ಕೆ ಮೊದಲೇ ರಕ್ತಸಂಬಂಧ ಬೆಳೆಸಿದವು. ಅವನು ಟೇಪು ಹಿಡಿದು ಅಳತೆ ಕೂಗಿದರೆ ಅವಳು ಬರೆಯುತ್ತಿದ್ದಳು. ಸುತ್ತಳತೆಯನ್ನು ಎದೆಮಟ್ಟದಲ್ಲೇ ತೆಗೆಯಬೇಕೆಂದು ಅವನು ಮೊದಲ ದಿನ ಪಾಠ ಮಾಡಿದಾಗ, ಯಾರ ಎದೆ, ನಿಮ್ಮದಾ ನನ್ನದಾ ಎಂದು ಅವಳು ಕೇಳಿದಳು. ಅವನು ಕಿವಿಯವರೆಗೆ ಕೆಂಪಾಗಿ, ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಎಂದ.

ಅವಳ ಬಾಯಲ್ಲಿ ಇಡೀ ತಾಲೂಕು ಇತ್ತು. ಬೆಳಿಗ್ಗೆ ಗಿಬ್ಬನ್ ಕೋತಿಯ ಹಾಗೆ ಕೂಗಿ ಅವನನ್ನು ಡೇರೆಯಿಂದ ಎಬ್ಬಿಸುತ್ತಿದ್ದಳು. ಮಂಗಟ್ಟೆ ಹಕ್ಕಿ, ಕಾಡುಕುರಿ, ರೇಡಿಯೋದ ಹವಾಮಾನ ವರದಿ, ಪಕ್ಕದ ಮನೆಯ ನೋಮು ಅತ್ತೆ ಹಂದಿಗೆ ಬಯ್ಯುವ ಪರಿ, ಯೋತಿನ್ ಸಾಹೇಬರ ಕೆಮ್ಮು, ಎಲ್ಲವೂ ಸರದಿಯ ಮೇಲೆ ಬರುತ್ತಿದ್ದವು. ಗಂಭೀರವಾದದ್ದೇನಾದರೂ ಹೇಳಬೇಕಾದರಂತೂ ಖಂಡಿತ ಬೇರೆಯವರ ದನಿಯೇ.

ಒಂದು ಮಧ್ಯಾಹ್ನ, ಬುತ್ತಿಯ ಅನ್ನಕ್ಕೆ ಮೆಣಸಿನ ಚಟ್ನಿ ಕಲೆಸುತ್ತ ನತೀ ಕೇಳಿದ.

"ಇದರಲ್ಲಿ ನಿಮ್ಮ ದನಿ ಯಾವುದು?"

ಅದನ್ನು ಬೂಪೋನ ಹತ್ತಿರ ಯಾರೂ ಇದುವರೆಗೆ ಕೇಳಿರಲಿಲ್ಲವಲ್ಲ... ಮಂಗಟ್ಟೆಯ ಹಾಗೆ ಒಮ್ಮೆ ಕೂಗಿ ಮಾತು ಹಾರಿಸಿದಳು. ಅವನು ನಕ್ಕ. ನಕ್ಕರೆ ಅವನ ಎಡಗೆನ್ನೆ ಮಾತ್ರ ಗುಳಿ ಬೀಳುತ್ತದೆಂದು ಅವಳು ಅಂದು ಗಮನಿಸಿದಳು. ಗಮನಿಸಬಾರದಿತ್ತು.

ತಿಂಗಳ ಕೊನೆಗೆ ಇಪ್ಪತ್ತು ಚೌಕ ಮುಗಿದವು. ಹಾಳೆಗಳ ಕೆಳಗೆ ಅಳೆದವನ ಸಹಿ, ಪಕ್ಕದಲ್ಲಿ ದಾರಿ ತೋರಿಸಿದವಳ ಸಹಿ. ಸಾಹೇಬರ ಜೀಪು ಬಂದು ಹಾಳೆಗಳನ್ನು ಒಯ್ದಿತು.

ಜೀಪು ಮರೆಯಾದ ಮೇಲೆ ನತೀ ಟೇಪನ್ನು ಸುತ್ತಿಕೊಳ್ಳುತ್ತ ಮೆಲ್ಲಗೆ ಹೇಳಿದ. "ಇವತ್ತಿಗೆ ನಿಮ್ಮ ಕುಮರಿ ಎಲ್ಲ ಮುಗೀತು. ಇನ್ನಾದ್ರೂ ಕಾಡು ತೋರಿಸ್ತೀರಾ?"

ಅವಳು ನಿಂತಲ್ಲೇ ನಿಂತಳು. "ಯಾವಾಗ ಗೊತ್ತಾಯ್ತು?"

"ಮೂರನೇ ದಿನ. ಕಾಡಿನ ಓದು ಓದಿದೋನು ನಾನು. ಭತ್ತದ ಕೂಳೆ ಕಂಡ್ರೆ ಗೊತ್ತಾಗಲ್ವಾ? ಷರಾದಲ್ಲಿ ಬರೆದಿದೀನಿ, ಇದು ಕುಮರಿ ಬೀಡು, ಏಳನೇ ವರ್ಷ ಅಂತ. ಇನ್ನೂ ನಲವತ್ತು ಚೌಕ ಇದೆ. ನಿಮ್ಮ ಮನಸ್ಸು ಬದಲಾಗಲಿ ಅಂತ ಕಾಯ್ತಿದ್ದೆ."

ಬೂಪೋ ಆ ದಿನ ಯಾರ ದನಿಯಲ್ಲೂ ಮಾತಾಡಲಿಲ್ಲ.

*

ಮಾರನೆಯ ಬೆಳಿಗ್ಗೆ ಅವಳು ಅವನನ್ನು ಹೊಕ್ಕುಳ ಕಾಡಿಗೆ ಕರೆದೊಯ್ದಳು. ಪೇಂಟಿನ ಡಬ್ಬಿಯನ್ನು ಅವನೇ ಡೇರೆಯಲ್ಲಿ ಬಿಟ್ಟು ಬಂದಿದ್ದ. ಬದಲಿಗೆ ಬಿಳಿ ನೂಲಿನ ಉಂಡೆ. ಅಳೆದ ಮರಕ್ಕೆ ಒಂದು ಎಳೆ ನೂಲು. ತೋಲೆಕಿಯವರು ಮನುಷ್ಯರ ಮಣಿಕಟ್ಟಿಗೆ ಜೀವ ನಿಲ್ಲಲಿ ಎಂದು ಕಟ್ಟುವುದೂ ಅದೇ ನೂಲು.

ಹೊಕ್ಕುಳ ಮರ ಯಾರದೆಂದು ಹೊರಗಿನವರಿಗೆ ಹೇಳುವ ಪದ್ಧತಿ ಇಲ್ಲ. ಬೂಪೋ ಹೇಳಿದಳು. ಈ ತೇಗ ಷೋವಾ ತಾತನದು. ಆ ಅವಳಿ ಕಾಂಡದ ಮರ ನೋಮು ಅತ್ತೆಯದು, ನೋಡಿ, ಅದೂ ಅವಳ ಹಾಗೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದೆ. ಇದು ಕಳೆದ ವರ್ಷ ತೀರಿಕೊಂಡವನದು, ಆದರೂ ಕಡಿಯುವುದಿಲ್ಲ.

ನತೀ ಜೇಬಿನ ಪುಸ್ತಕ ತೆಗೆದು, ಅಳತೆಯ ಮುಂದಿನ ಷರಾ ಕಾಲಂನಲ್ಲಿ ಒಂದೊಂದೇ ಹೆಸರು ಬರೆದುಕೊಂಡ. ಕಂಪನಿಯ ಹಾಳೆಗೆ ನಂಬರ್ ಸಾಕು. ಆ ಪುಸ್ತಕ ಅವನ ಸ್ವಂತದ್ದು.

ಮಳೆ ಜೋರಾದಾಗ ಇಬ್ಬರೂ ಅವಳ ನೇರಳೆ ಮರದ ಕೆಳಗೆ ನಿಂತರು. ಮಾಸಿದ ಕೆಂಪು 'ಒಂದು' ಅವರ ನಡುವೆ ಇತ್ತು.

ಅವನು ತನ್ನ ಊರಿನ ಮಾತು ತೆಗೆದ. ಲಂಪೂನ್ ಕಡೆ ಅವನಮ್ಮನಿಗೆ ಲಾಂಗನ್ ಹಣ್ಣಿನ ತೋಟವಿದೆ. ಏಪ್ರಿಲ್‌ ಬಂದರೆ ಬಾವಿ ತಳ ಕಾಣುತ್ತದೆ. ಕಳೆದ ಬೇಸಿಗೆಯಲ್ಲಿ ಹದಿನೆಂಟು ಮರ ಒಣಗಿದವು. ಈ ಆಣೆಕಟ್ಟಿನ ನೀರು ಸುರಂಗದಲ್ಲಿ ಇಳಿದು ಹೋಗುವುದು ಆ ಕಡೆಗೇ.

"ಹಾಗಾದ್ರೆ ನಾನು ನಿಮ್ಮಮ್ಮನ ನೀರು ತಡೀತಿದೀನಿ," ಎಂದಳು ಬೂಪೋ.

"ಗೊತ್ತಿಲ್ಲ. ಅದಕ್ಕೇ ಸರಿಯಾಗಿ ಅಳೀಬೇಕು. ಏನು ಮುಳುಗುತ್ತೆ ಅಂತ ಸುಳ್ಳಿಲ್ಲದೆ ಬರೆದ್ರೆ, ಆಮೇಲೆ ಬೇಕೋ ಬೇಡವೋ ಅಂತ ಹೇಳೋಕೆ ಎಲ್ಲರಿಗೂ ಬಾಯಿರುತ್ತೆ. ನಮ್ಮಮ್ಮನಿಗೂ."

"ನಿಮ್ಮ ಹೊಕ್ಕುಳು ಎಲ್ಲಿದೆ?"

"ಆಸ್ಪತ್ರೇಲಿ ಹುಟ್ಟಿದೋನು. ಯಾರಿಗೆ ಗೊತ್ತು."

ಪಾಪ, ಅರ್ಧ ಜೀವ ಎಲ್ಲಿ ಬಿದ್ದಿದೆ ಎಂದೇ ತಿಳಿಯದ ಮನುಷ್ಯ... ಬೂಪೋಗೆ ಅವನ ಮೇಲೆ ಮರುಕ ಹುಟ್ಟಿತು. ಮರುಕ ಎಂದುಕೊಂಡಳು. ಮರುಕಕ್ಕೆ ಎದೆ ಹಾಗೆ ಹೊಡೆದುಕೊಳ್ಳುವುದಿಲ್ಲ ಎಂದು ನಮಗೆ ನಿಮಗೆ ಗೊತ್ತು.

ಆಗಸ್ಟ್‌ನಲ್ಲಿ ಊರಿನ ನೂಲು ಕಟ್ಟುವ ಹಬ್ಬ ಬಂತು. ಬೂಪೋನ ಅಪ್ಪ ಮನೆಯವರಿಗೆಲ್ಲ ಕಟ್ಟಿ ಮುಗಿಸಿ, ಮೂಲೆಯಲ್ಲಿ ಕೂತಿದ್ದ ನತೀಯ ಕೈ ಎಳೆದು ಅವನಿಗೂ ಕಟ್ಟಿದ. ನೋಮು ಅತ್ತೆ ಎಲ್ಲರಿಗೂ ಕೇಳುವಂತೆ, ನೂಲು ಗಟ್ಟಿ ಇದೆಯಾ ನೋಡಪ್ಪಾ, ಕೆಳಗಿನ ಊರಿನವರು ಬೇಗ ಬಿಡಿಸಿಕೊಂಡು ಹೋಗ್ತಾರೆ ಎಂದಳು.

ಹೊಕ್ಕುಳ ಕಾಡಿನ ಇಪ್ಪತ್ತನೆಯ ಚೌಕ ಮುಗಿದ ದಿನ, ಸಿಗ್ನಲ್ ಸಿಗುವ ಒಂದೇ ಬಂಡೆಯ ಮೇಲೆ ನಿಂತು ನತೀ ಸಾಹೇಬರ ಕರೆ ತೆಗೆದುಕೊಂಡ. ಅಳತೆ ಸಾಕು, ಹಾಳೆ ತಗೊಂಡು ವಾಪಸ್ ಬಾ, ದಕ್ಷಿಣದಲ್ಲಿ ಬೇರೆ ಕೆಲಸ ಇದೆ.

"ಇನ್ನೂ ಇಪ್ಪತ್ತು ಚೌಕ ಇದೆ," ಎಂದಳು ಬೂಪೋ.

"ಅದೇ ನನಗೂ ಅರ್ಥ ಆಗ್ತಿಲ್ಲ. ಹೋಗಿ ಕೇಳ್ತೀನಿ. ಕೊಯ್ಲಿನ ಹೊತ್ತಿಗೆ ಬರ್ತೀನಿ. ಕೆಲಸಕ್ಕಲ್ಲ."

ಅವಳು ಸಾಹೇಬರ ಹಾಗೆ ಕೆಮ್ಮಿದಳು.

*

ಅವನ ಸುದ್ದಿ ಬರಲಿಲ್ಲ. ಅವಳು ನಾಲ್ಕೈದು ಸಲ ಬಂಡೆ ಹತ್ತಿ ಇಳಿದಳು. ಅವನು ಹೋದ ದಕ್ಷಿಣದ ದ್ವೀಪದಲ್ಲಿ ಸಿಗ್ನಲ್ ಸಿಗುವ ಅಂಥ ಬಂಡೆಯೂ ಇರಲಿಲ್ಲ ಎಂದು ಅವಳಿಗೆ ತಿಳಿಯುವ ದಾರಿ ಯಾವುದು?

ಸೆಪ್ಟೆಂಬರ್‌ನಲ್ಲಿ ಬಂದದ್ದು ವರದಿ. ಮುಂದಿನ ವಾರ ಶಾಲೆಯ ಹಜಾರದಲ್ಲಿ ಸಭೆ, ಆಕ್ಷೇಪಣೆ ಇದ್ದವರು ಹೇಳಬಹುದು ಎಂಬ ಚೀಟಿಯೂ ಜೊತೆಗಿತ್ತು. ಬೂಪೋ ಜಗಲಿಯಲ್ಲಿ ಕೂತು ಊರಿನವರಿಗೆ ಓದಿ ಹೇಳತೊಡಗಿದಳು. ಮೂರನೆಯ ಪುಟದಲ್ಲಿ ದನಿ ನಿಂತಿತು.

'ಮುಳುಗಡೆ ಪ್ರದೇಶವು ಹಾಳುಬಿದ್ದ ಕಾಡು. ಸಣ್ಣ ಸುತ್ತಳತೆಯ ಮರಗಳೇ ಅಧಿಕ.' ಕೆಳಗೆ ಅಳೆದವರ ಸಹಿ. ದುಂಡಗಿನ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಹಿ.

ಮುಂದಿನ ಪುಟಗಳಲ್ಲಿ ಚೌಕಗಳ ಪಟ್ಟಿ ಇತ್ತು. ಅವಳು ಪುಟ ತಿರುಗಿಸಲಿಲ್ಲ. ಕಣ್ಣು ಮಂಜಾಗಿತ್ತು.

ಒಂದೊಂದು ಮರದ ಹೆಸರೂ ಹೇಳಿದ್ದೆನಲ್ಲ... ನಮ್ಮವರಲ್ಲದವರಿಗೆ ಹೇಳಬಾರದ್ದನ್ನು ಹೇಳಿದ್ದೆನಲ್ಲ! ಅಮ್ಮನ ತೋಟಕ್ಕೆ ನೀರು ಬೇಕಿತ್ತು, ತಗೊಂಡ. ನೇರವಾಗಿ ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನತೀಗೂ ವರದಿ ಸಿಕ್ಕಿದ್ದು ಅದೇ ವಾರ. ಅವನು ದೋಣಿ, ಬಸ್ಸು ಹಿಡಿದು ಪಟ್ಟಣಕ್ಕೆ ಬಂದು ಸಾಹೇಬರ ಎದುರು ನಿಂತ. ಷರಾ ಕಾಲಂ ಏನಾಯಿತು, ಎರಡನೇ ಕಂತಿನ ಇಪ್ಪತ್ತು ಹಾಳೆ ಎಲ್ಲಿ, ತಾನು ಬರೆಯದ ಸಾಲಿನ ಕೆಳಗೆ ತನ್ನ ಹಾಳೆಯ ಸಹಿ ಹೇಗೆ ಬಂತು ಎಂದು ಕೇಳಿದ. ಸಾಹೇಬರು ಸಮಾಧಾನದಿಂದಲೇ ಉತ್ತರ ಕೊಟ್ಟರು. ಹಾಳೆ ಸೇರಿಸಬಹುದು. ಸೇರಿಸಿದರೆ ಮೊದಲ ಇಪ್ಪತ್ತೂ ಕುಮರಿಯಲ್ಲೇ ಏಕೆ ಬಿದ್ದವು ಎಂದು ಯಾರಾದರೂ ಕೇಳುತ್ತಾರೆ. ಆಗ ದಾರಿ ತೋರಿಸಿದವಳು ಬೇಕೆಂದೇ ದಾರಿ ತಪ್ಪಿಸಿದಳು ಎಂದು ಬರೆಯಬೇಕಾಗುತ್ತದೆ. ಇಪ್ಪತ್ತು ಹಾಳೆಯಲ್ಲೂ ಅವಳ ಸಹಿ ಇದೆ. ಸರ್ಕಾರಿ ಕೆಲಸಕ್ಕೆ ಸುಳ್ಳು ದಾರಿ ತೋರಿಸಿದರೆ ಕೇಸಾಗುತ್ತದೆ. ಹೇಗೆ, ಸೇರಿಸೋಣವಾ?

ನತೀ ಮಣಿಕಟ್ಟಿನ ನೂಲನ್ನು ತಿರುಗಿಸುತ್ತ ನಿಂತಿದ್ದ. ಕಾಡು ಉಳಿಸಲು ಹೋದರೆ ಅವಳು ಸಿಕ್ಕಿಬೀಳುತ್ತಾಳೆ. ಅವಳನ್ನು ಉಳಿಸಲು ಹೋದರೆ ಅವಳ ಅರ್ಧ ಜೀವ ನೀರಿನಡಿ.

*

ಶಾಲೆಯ ಹಜಾರದಲ್ಲಿ ಬೆಳಿಗ್ಗೆ ಹತ್ತಕ್ಕೇ ಊರು ತುಂಬಿತ್ತು. ಮಕ್ಕಳ ಬೆಂಚಿನ ಮೇಲೆ ಅಜ್ಜಂದಿರು ಮಂಡಿ ಮಡಚಿ ಕೂತಿದ್ದರು. ಮೇಜಿನ ಹಿಂದೆ ತಾಲೂಕು ಅಧಿಕಾರಿ, ಐವತ್ತರ ಹೆಂಗಸು, ಕನ್ನಡಕ ಮೂಗಿನ ತುದಿಯಲ್ಲಿ. ಅವರ ಬಲಕ್ಕೆ ಯೋತಿನ್ ಸಾಹೇಬರು. ಇನ್ನೂ ಆಚೆ ನತೀ, ತಲೆ ತಗ್ಗಿಸಿಕೊಂಡು.

ಇದು ನಿಮ್ಮ ಜಮೀನಲ್ಲ, ಸಾರ್ವಜನಿಕ ಕಾಡು ಎಂಬುದು ನೆನಪಿರಲಿ ಎಂದು ಸಾಹೇಬರು ಶುರು ಮಾಡಿದರು. ಸಾರ್ವಜನಿಕ ಎಂದರೆ ಜನರದ್ದು ತಾನೇ, ನಾವೇನು ಹುಲಿಗಳಾ ಎಂದು ಷೋವಾ ತಾತ ಹಿಂದಿನಿಂದ ಕೇಳಿದ. ನಗು ಎದ್ದಿತು.

ಬೂಪೋ ಎದ್ದಳು. ನತೀಯ ಕಡೆ ನೋಡದೆ, ನತೀಯದೇ ದನಿಯಲ್ಲಿ, ಅವನು ತಡವರಿಸುವ ಕಡೆ ತಡವರಿಸಿ ಹೇಳಿದಳು.

"ಏನು ಮುಳುಗುತ್ತೆ ಅಂತ... ಸುಳ್ಳಿಲ್ಲದೆ ಬರೆದ್ರೆ... ಎಲ್ಲರಿಗೂ ಬಾಯಿರುತ್ತೆ."

ಹಜಾರ ಗೊಳ್ಳೆಂದಿತು. ನತೀ ತಲೆ ಎತ್ತಲಿಲ್ಲ. ಅವನ ಕಿವಿ ಮೊದಲ ದಿನದ ಹಾಗೆಯೇ ಕೆಂಪಾಯಿತು. ಅವಳು ಅಂದುಕೊಂಡಿದ್ದ ಖುಷಿ ಅವಳಿಗೆ ಸಿಗಲಿಲ್ಲ.

ಅಧಿಕಾರಿ ವರದಿ ತಿರುವಿ, ಚೌಕಗಳ ಜಾಗ ಆರಿಸಿದವರು ಯಾರು ಎಂದು ಕೇಳಿದರು.

"ನಾನೇ," ಎಂದ ನತೀ. "ನನ್ನ ತಪ್ಪು. ಹತ್ತೋಕೆ ಸುಲಭ ಇರೋ ಕಡೆ ಹಾಕಿದೆ. ಒಳ್ಳೇ ಕಾಡಿನ ಅಳತೆ ಈ ಪುಸ್ತಕದಲ್ಲಿದೆ, ಇದನ್ನೂ ನೋಡಿ ಮೇಡಂ."

ಅವನು ಜೇಬಿನ ಪುಸ್ತಕ ಮೇಜಿನ ಮೇಲಿಟ್ಟ. ಸಾಹೇಬರು ಕೆಮ್ಮಿದರು. ತಪ್ಪು ಮಾಡಿದೆ ಎಂದು ತಾನೇ ಒಪ್ಪಿಕೊಂಡವನ ಇನ್ನೊಂದು ಪುಸ್ತಕವನ್ನು ನಂಬುವುದು ಹೇಗೆ ಎಂದು ಕೇಳಿ, ವರದಿಯ ಚೌಕಗಳ ಪಟ್ಟಿ ಓದತೊಡಗಿದರು. ಒಂದನೇ ಚೌಕ, ಹೊಳೆಯ ಆಚೆ ದಂಡೆ, ಹಳೆಯ ಕಣದ ಗುಡಿಸಲ ಹಿಂದೆ. ಎರಡನೇ ಚೌಕ, ಎಳ್ಳು ಬಿತ್ತಿದ್ದ ಇಳಿಜಾರು...

ಬೂಪೋ ಕೂತಲ್ಲೇ ತಲೆ ಎತ್ತಿದಳು.

ಹಳೆಯ ಕಣದ ಗುಡಿಸಲು. ಎಳ್ಳಿನ ಇಳಿಜಾರು. ಒಂದೊಂದು ಜಾಗಕ್ಕೂ ಅವಳೇ ಮುಂದೆ ನಡೆದು, ಅವಳೇ ಬೆರಳು ತೋರಿಸಿದ್ದಳು. ಕಾಡು ಹಾಳುಬಿದ್ದಿದೆ ಎಂದು ಬರೆದದ್ದು ಅವನ ಕೈಯಿರಬಹುದು, ಬರೆಸಿದ್ದು ಅವಳ ಉಪಾಯ. ಅವನು ಮೂರನೇ ದಿನವೇ ತಿಳಿದುಕೊಂಡಿದ್ದ. ಈಗ ಇಷ್ಟು ಜನರ ಎದುರು 'ನಾನೇ' ಅನ್ನುತ್ತಿದ್ದಾನೆ. ಅವಳು ಮಾಡಿದ ಅಣಕಕ್ಕೆ ಎಲ್ಲರೂ ನಕ್ಕ ಮೇಲೂ...

ಅವಳು ಎದ್ದು ಮೇಜಿನವರೆಗೆ ನಡೆದಳು. ಊರಿನವರು ಇನ್ಯಾರ ದನಿ ಬರುತ್ತದೋ ಎಂದು ಕಾದರು.

"ಜಾಗ ಆರಿಸಿದ್ದು ಇವರಲ್ಲ. ನಾನು."

ದನಿ ಸಣ್ಣದಾಗಿತ್ತು, ಸ್ವಲ್ಪ ಗೊಗ್ಗರು. ಹಜಾರದಲ್ಲಿ ಅನೇಕರಿಗೆ ಅದರ ಗುರುತೇ ಹತ್ತಲಿಲ್ಲ.

"ನಮ್ಮ ಹೊಕ್ಕುಳ ಮರದ ಮೇಲೆ ಪೇಂಟು ಬೀಳಬಾರದು ಅಂತ ಬೇಕಂತಲೇ ಕುಮರಿ ಸುತ್ತಿಸಿದೆ. ಇವರಿಗೆ ಮೋಸ ಮಾಡಿದೆ ಅಂದ್ಕೊಂಡೆ. ನಮಗೇ ಮಾಡ್ಕೊಂಡೆ. ಏನು ಶಿಕ್ಷೆ ಇದ್ರೂ ನನಗೆ ಕೊಡಿ. ಆದ್ರೆ ಆ ಪುಸ್ತಕ ಸುಳ್ಳಲ್ಲ."

"ಸಾಕ್ಷಿ?" ಎಂದರು ಅಧಿಕಾರಿ.

"ಯಾವ ಪುಟ ಬೇಕಾದ್ರೂ ತೆಗೀರಿ. ಷರಾ ಓದಿ."

ಅಧಿಕಾರಿ ಕನ್ನಡಕ ಮೇಲೇರಿಸಿ ನಡುವೆ ಎಲ್ಲೋ ಒಂದು ಪುಟ ತೆರೆದರು. "ತೇಗ. ಸುತ್ತಳತೆ ಮೂರು ಮೀಟರ್ ಹತ್ತು. ಷೋವಾ."

ಹಿಂದಿನ ಬೆಂಚಿನಲ್ಲಿ ಷೋವಾ ತಾತ ಕೋಲೂರಿ ಎದ್ದು ನಿಂತ.

"ಅವಳಿ ಕಾಂಡ. ಎರಡು ಮೀಟರ್ ನಲವತ್ತು. ನೋಮು."

ನೋಮು ಅತ್ತೆ ಎದ್ದಳು, ಸೊಂಟದ ಮೇಲೆ ಕೈಯಿಟ್ಟು.

ಹೆಸರು ಓದಿದ ಹಾಗೆ ಒಬ್ಬೊಬ್ಬರೇ ಎದ್ದರು. ಎದ್ದವರು ಕೂರಲಿಲ್ಲ. ತೀರಿಕೊಂಡವನ ಹೆಸರು ಬಂದಾಗ ಅವನ ಹೆಂಡತಿ ಎದ್ದಳು. ಐದನೇ ಪುಟದ ಹೊತ್ತಿಗೆ ಅಧಿಕಾರಿಯ ಎದುರು ಅರ್ಧ ಹಜಾರ ನಿಂತಿತ್ತು, ಕಾಡಿನ ಹಾಗೆ. ಅವರು ಪುಸ್ತಕ ಮುಚ್ಚಿದರು.

ತೀರ್ಮಾನ ಮೂರು ಸಾಲಿನದು. ಈ ವರದಿ ವಾಪಸ್. ಅರವತ್ತೂ ಚೌಕಗಳನ್ನು ಬೇರೆಯವರು, ಊರಿನವರ ಜೊತೆಯಲ್ಲಿ, ಹೊಸದಾಗಿ ಅಳೆಯಬೇಕು. ಸುಳ್ಳು ದಾರಿ ತೋರಿಸಿದ ಬೂಪೋ ಒಂದು ವರ್ಷ ಯಾವ ಸರ್ವೆಗೂ ದಾರಿ ತೋರಿಸುವಂತಿಲ್ಲ. ಸಾಹೇಬರು ಕೇಸಿನ ಮಾತೆತ್ತಿದಾಗ, ಷರಾ ಕಾಲಂ ಅಳಿಸಿದವರು ಯಾರೆಂದು ಮೊದಲು ವಿಚಾರಿಸೋಣ ಎಂದು ಅಧಿಕಾರಿ ಹೇಳಿದ್ದಕ್ಕೆ ಅವರಿಗೆ ಕೆಮ್ಮೂ ಬರಲಿಲ್ಲ.

ಆಣೆಕಟ್ಟು ರದ್ದಾಗಲಿಲ್ಲ. ಕಡತ ಇನ್ನೂ ಜೀವಂತವಾಗಿದೆ. ಕಾಡೂ ಜೀವಂತವಾಗಿದೆ.

ಜನರ ನಡುವಿನಿಂದ ಬೂಪೋ ಹೊರಗೆ ಬರುವಷ್ಟರಲ್ಲಿ ನತೀಯಿದ್ದ ಜೀಪು ಹೊರಟುಹೋಗಿತ್ತು. ಕ್ಷಮಿಸಿ ಎಂಬ ಒಂದು ಮಾತು ಹೇಳದೆಯೇ ಉಳಿಯಿತು.

*

ಕೊಯ್ಲು ಬಂತು. ಭತ್ತ ಬಡಿಯುವ ಕಣದಲ್ಲಿ ಬೂಪೋ ಯಾರನ್ನೂ ಅಣಕಿಸಲಿಲ್ಲ. ಇವಳಿಗೆ ದೃಷ್ಟಿಯಾಗಿದೆ ಎಂದಳು ನೋಮು ಅತ್ತೆ. ನತೀಯ ಕೆಲಸ ಹೋಯಿತಂತೆ ಎಂಬ ಸುದ್ದಿ ಹೊಸ ಅಳತೆಯವರ ಜೊತೆ ಬಂದಿತ್ತು. ಕೊಯ್ಲಿನ ಹೊತ್ತಿಗೆ ಬರುತ್ತೇನೆಂದಿದ್ದ. ಆದರೆ ಅಷ್ಟು ಜನರೆದುರು ನಗಿಸಿಕೊಂಡವನು ಯಾವ ಮುಖ ನೋಡಲು ಬರುತ್ತಾನೆ?

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಅವನು ಬಂದ. ಕಾಲ್ನಡಿಗೆಯಲ್ಲಿ, ಬೆನ್ನಿಗೊಂದು ಚೀಲ. ಮಣಿಕಟ್ಟಿನ ನೂಲು ಕೊಳೆಯಾಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನೇರ ಬೂಪೋನ ಅಪ್ಪನ ಎದುರು ಹೋಗಿ, ಜೇಬಿನಿಂದ ತಲೆನೋವಿನ ಮುಲಾಮಿನ ಸಣ್ಣ ತಗಡಿನ ಡಬ್ಬಿ ತೆಗೆದ.

"ಆಸ್ಪತ್ರೇಲಿ ಹೋಯ್ತು ಅಂದ್ಕೊಂಡಿದ್ದೆ. ಅಮ್ಮ ಎತ್ತಿಟ್ಟಿದ್ದಳು. ಕಪಾಟಿನ ತಳದಲ್ಲಿ, ಇಪ್ಪತ್ತೊಂಬತ್ತು ವರ್ಷ."

ಡಬ್ಬಿಯಲ್ಲಿ, ಹಳದಿಯಾದ ಹತ್ತಿಯ ಮೇಲೆ, ಒಣಮೆಣಸಿನ ತುಂಡಿನಂಥದೊಂದು ಇತ್ತು.

"ನನಗೆ ಅಪ್ಪ ಇಲ್ಲ, ಮಾವ. ಯಾರಾದ್ರೂ ಕಟ್ಟಿಕೊಡಬೇಕು."

ಕಣದಲ್ಲಿ ಬಡಿಯುವ ಸದ್ದು ನಿಂತಿತು. ಮೊದಲು ಬಾಯಿಬಿಟ್ಟವಳು ನೋಮು ಅತ್ತೆ. ಹೊಕ್ಕುಳು ಕಟ್ಟಿದ ದಿನ ಊರಿಗೇ ರಜ, ಅರ್ಧ ಭತ್ತ ಇನ್ನೂ ಗದ್ದೆಯಲ್ಲಿದೆ, ಇಪ್ಪತ್ತೊಂಬತ್ತು ವರ್ಷ ಕಾದ ಕೂಸಿಗೆ ಇನ್ನೊಂದು ವಾರ ಕಾಯಲಾಗದೇ ಎಂದು ಗೊಣಗಿದಳು. ಈ ಕೂಸು ಮೀಸೆ ಬಂದ ಮೇಲೆ ಹುಟ್ಟಿದೆ ಎಂದ ಷೋವಾ ತಾತ.

ಬೂಪೋನ ಅಪ್ಪ ಸೊಂಟದ ಕತ್ತಿ ತೆಗೆದು, ಬೇಲಿಯ ಪಕ್ಕದ ಮೆಳೆಗೆ ಹೋಗಿ, ಒಂದು ಗೇಣಿನ ಬಿದಿರ ಕೊಳವೆ ಕಡಿಯತೊಡಗಿದ. ಅದನ್ನು ನೋಡಿದ್ದೇ ತಡ, ಜನ ಒಬ್ಬೊಬ್ಬರಾಗಿ ಭತ್ತದ ಸಿವುಡು ಕೆಳಗಿಟ್ಟರು.

ಮರ ಆರಿಸಲು ಅಪ್ಪ ಇಬ್ಬರನ್ನೇ ಮುಂದೆ ಕಳಿಸಿದ. ತಾನು ಬೇಕೆಂದೇ ನಿಧಾನವಾಗಿ, ಆಗಾಗ ಬೂಟಿನೊಳಗಿನ ಇಲ್ಲದ ಕಲ್ಲು ತೆಗೆಯುತ್ತ ಹಿಂದೆ ಬಂದ.

"ಅವತ್ತು ನಿಮ್ಮ ದನಿ ಎತ್ಕೊಂಡು ಎಲ್ಲರ ಮುಂದೆ..." ಬೂಪೋ ನೆಲ ನೋಡುತ್ತ ಶುರು ಮಾಡಿದಳು. "ತಪ್ಪಾಯ್ತು."

"ಚೆನ್ನಾಗೇ ಮಾಡಿದ್ರಿ. ನಾನು ಅಷ್ಟೊಂದು ತಡವರಿಸ್ತೀನಾ?"

"ಇನ್ನೂ ಜಾಸ್ತಿ."

ಸ್ವಲ್ಪ ದೂರ ನಡೆದ ಮೇಲೆ ಅವಳು ಕೇಳಿದಳು. "ನಿಮ್ಮಮ್ಮ?"

"ಸಿಟ್ಟಿದೆ. ತೋಟದ ಮೂಲೇಲಿ ಒಣಗಿದ ಮರ ಕೀಳಿಸಿ ಕೆರೆ ತೋಡಿಸ್ತಿದಾಳೆ. ನಿನ್ನ ಬೆಟ್ಟದ ಹುಡುಗಿ ಬಂದು ಮಣ್ಣು ಹೊರಲಿ ಅಂತಾಳೆ. ಆದ್ರೂ ಡಬ್ಬಿ ಅವಳೇ ಹುಡುಕಿ ಕೊಟ್ಟಳು."

"ಹೊರ್ತೀನಿ."

ನೇರಳೆ ಮರದ ಬಳಿ ಇಬ್ಬರೂ ನಿಂತರು. ತೊಗಟೆಯ ಸೀಳಿನಲ್ಲಿ ಒಂದನೇ ನಂಬರಿನ ಕೆಂಪು ಇನ್ನೂ ಗೀರಿನಷ್ಟು ಉಳಿದಿತ್ತು. ಪಕ್ಕದಲ್ಲೇ, ಟೇಪು ಹಾಕುವಷ್ಟೂ ದಪ್ಪವಾಗಿರದ ಒಂದು ಎಳೆಯ ನೇರಳೆ. ನತೀ ಅದರ ಮೇಲೆ ಕೈಯಿಟ್ಟ.

"ಇದು. ಇನ್ನೂ ಯಾರದೂ ಅಲ್ಲ ಅಲ್ವಾ?"

"ತೀರಾ ಸಣ್ಣದು. ನಿಮ್ಮ ಲೆಕ್ಕದಲ್ಲಿ ಹಾಳುಬಿದ್ದ ಕಾಡು."

"ಬೆಳೆಯುತ್ತೆ. ನನಗೇನೂ ಅವಸರ ಇಲ್ಲ."

ಬೂಪೋ ಅತ್ತ ತಿರುಗಿ, ಮೂಗಿನಲ್ಲಿ, ಸಾಹೇಬರ ಹಾಗೆ ಹೇಳಿದಳು. "ಚೀಲ ಕೆಳಗಿಡು, ನತೀ." ಕೊನೆಯ ಕೆಮ್ಮು ಮಾತ್ರ ಬರಲಿಲ್ಲ.

ಅವನು ಚೀಲ ಕೆಳಗಿಟ್ಟ.

ಅವಳು ಈಚೆ ತಿರುಗಿದಳು. ಸಣ್ಣದಾಗಿ, ಸ್ವಲ್ಪ ಗೊಗ್ಗರಾಗಿ ಹೇಳಿದಳು.

"ಇಲ್ಲೇ ಇದ್ದುಬಿಡು."

"ಇದು ಯಾರ ದನಿ?"

"ನಂದೇ."